ಮೂರನೇ ಸಲ ಹೇಳಿದ್ದು

ಅರ್ಜಿಯಮ್ಮ ಬೆಳಗ್ಗೆ ಬಂದವಳೇ ಮೊದಲು ನೋಡುವುದು ತನ್ನ ಮೇಜಿನ ಕಾಲುಗಳನ್ನು. ನಾಲ್ಕೂ ಇವೆಯೇ ಎಂದಲ್ಲ, ನಿನ್ನೆ ಬಿಟ್ಟುಹೋದ ಜಾಗದಲ್ಲೇ ಇವೆಯೇ ಎಂದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದಳು. ಗುರುತಿನಿಂದ ಒಂದು ಬೆರಳು ಸರಿದಿದ್ದರೂ ಯಾರೋ ಬಂದು ಏನನ್ನೋ ಹುಡುಕಿದ್ದಾರೆ ಎಂದೇ ಲೆಕ್ಕ. ಪೊರಕೆ ತಾಗಿ ಸರಿಯಿತು ಎಂದು ಜಗಲಿ ಗುಡಿಸುವವಳು ಎಷ್ಟು ಆಣೆ ಇಟ್ಟರೂ, "ಪೊರಕೆಗೆ ನನ್ನ ಮೇಜಿನ ಹತ್ರ ಏನ್ ಕೆಲಸ?" ಎಂಬುದು ಅವಳ ಪ್ರಶ್ನೆ.

ಮೇಜಿನ ಒಂದು ಕಾಲು ಗಿಡ್ಡ. ಅದರಡಿಗೆ ಎಂದೋ ರದ್ದಾದ ಕಾಯ್ದೆಯ ದಪ್ಪ ಪುಸ್ತಕವೊಂದನ್ನು ಕೊಟ್ಟಿದ್ದಳು. "ಕಾಯ್ದೆ ಸತ್ತು ಹೋಯ್ತು, ಪುಸ್ತಕ ಇನ್ನೂ ಡ್ಯೂಟಿ ಮೇಲಿದೆ ನೋಡಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಎದುರಿಗೆ ವಾಸದ ಪರವಾನಗಿ ಕೊಡುವ ಕಚೇರಿ. ಗಡಿಯಾಚೆಯ ಜಗಳಗಳಿಂದ ಉಟ್ಟಬಟ್ಟೆಯಲ್ಲಿ ಓಡಿಬಂದವರು, ಮನೆಯ ಜೊತೆಗೆ ಕಾಗದಪತ್ರವನ್ನೂ ಬೆಂಕಿಗೆ ಕೊಟ್ಟವರು, ತಾವು ತಾವೇ ಎಂದು ಸಾಬೀತು ಮಾಡಲಾಗದವರು ಎಲ್ಲರೂ ಆ ಬಾಗಿಲಿಗೇ ಬರಬೇಕು. ಒಳಗೆ ಹೋಗುವ ಮುಂಚೆ ಅರ್ಜಿ ಬರೆಸಲು ಇವಳ ಜಗಲಿ ಹತ್ತಬೇಕು. ಬರಿಗೈಲಿ ಹೋದರೆ ಆ ಕಚೇರಿ ಗಾಳಿಯನ್ನೂ ಒಳಗೆ ಬಿಡುತ್ತಿರಲಿಲ್ಲ.

ಪಕ್ಕದ ಅಂಗಡಿಗಳಿಗೆ ಕಂಪ್ಯೂಟರ್ ಬಂದು ಹದಿನೈದು ವರ್ಷವಾದರೂ ಅರ್ಜಿಯಮ್ಮ ಟೈಪ್‌ರೈಟರ್ ಬಿಟ್ಟಿರಲಿಲ್ಲ. "ಅದಕ್ಕೆ ನೆನಪು ಜಾಸ್ತಿ. ಒಂದ್ಸಲ ಹೊಡೆದದ್ದು ಎಲ್ಲೋ ಕೂತಿರತ್ತೆ. ನನ್ನ ಮಿಷಿನ್‌ಗೆ ಮರೆವು. ಹಾಳೆ ತೆಗೆದ್ರೆ ನೀವ್ಯಾರೋ ಅದ್ಯಾರೋ." ಒಳ್ಳೆಯ ಮಾಲು ಎಂದು ಯಾರೂ ಮರೆವನ್ನು ಮಾರಿದ್ದಿಲ್ಲ, ಇವಳು ಇಪ್ಪತ್ತಾರು ವರ್ಷ ಅದನ್ನೇ ಮಾರಿ ಬದುಕಿದ್ದಳು.

ಅವಳ ಕೆಲಸದ ಕ್ರಮ ಊರಿಗೆಲ್ಲ ಗೊತ್ತಿತ್ತು. ಯಾರು ಬಂದರೂ ಅವರ ಕಥೆಯನ್ನು ಮೂರು ಸಲ ಕೇಳುವಳು, ಮೂರು ಬೇರೆ ಬೇರೆ ದಿನ. ಮೊದಲ ದಿನ ಟೈಪ್‌ರೈಟರಿನ ಮುಚ್ಚಳವನ್ನೇ ತೆಗೆಯುವುದಿಲ್ಲ. ಒಂದು ಗುಂಡುಸೂಜಿ ಹಿಡಿದು, ಬಿಡಿ ಅಚ್ಚಿನ ಮೊಳೆಗಳ ಸಂದಿಯಲ್ಲಿ ಕೂತ ಶಾಯಿಯ ಕೊಳೆ ಕೆದಕುತ್ತ, ತಲೆ ಎತ್ತದೆ ಕೇಳುವಳು. ಎರಡನೇ ದಿನ ಕಥೆಯನ್ನು ಹಿಂದಿನಿಂದ ಮುಂದಕ್ಕೆ, ಕೊನೆಯಿಂದ ಮೊದಲಿಗೆ, ಹೇಳಿಸುವಳು. ಮೂರನೇ ದಿನ ಹಾಳೆ ಏರಿಸುವಳು.

"ಮೊದಲನೇ ಸಲ ಹೇಳೋದು ಕೇಳೋರ ಕಣ್ಣೀರಿಗೆ" ಎನ್ನುತ್ತಿದ್ದಳು. "ಎರಡನೇ ಸಲ ಹೇಳೋದು ತಮ್ಮ ಸಿಟ್ಟಿಗೆ. ಎರಡೂ ಖಾಲಿಯಾದ ಮೇಲೆ ತಳದಲ್ಲಿ ಉಳಿಯತ್ತಲ್ಲ, ಅದು ನಡೆದದ್ದು. ನಾನು ಬರೆಯೋದು ಅದನ್ನೇ."

ಗಡಿಬಿಡಿಯವರು ಪಕ್ಕದ ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಧ ಗಂಟೆಯಲ್ಲಿ ಅರ್ಜಿ ಮಾಡಿಸಿಕೊಳ್ಳುತ್ತಿದ್ದರು. ಆರು ತಿಂಗಳ ಮೇಲೆ, ತಿರಸ್ಕೃತ ಎಂಬ ಮುದ್ರೆ ಹೊತ್ತ ಆ ಅರ್ಜಿ ಹಿಡಿದು ಇವಳ ಜಗಲಿಗೆ ಬರುತ್ತಿದ್ದರು. ಅಂಥವರಿಗೆ ಇವಳು ಏನೂ ಅನ್ನುತ್ತಿರಲಿಲ್ಲ. ಗುಂಡುಸೂಜಿ ತೆಗೆಯುತ್ತಿದ್ದಳು, ಅಷ್ಟೆ.

ಮನೆಯಲ್ಲಿದ್ದುದು ಇಬ್ಬರು. ಇವಳು, ಇವಳ ತಂಗಿಮಗಳು. ತಂಗಿ ತೀರಿಹೋದಾಗ ನಾಲ್ಕು ವರ್ಷದ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದವಳು, ಕೆಳಗಿಳಿಸುವ ಹೊತ್ತಿಗೆ ಅದು ಕಾಲೇಜು ಸೇರಿತ್ತು. ತಿನ್ನುವುದು ಚಿಟಿಕೆ, ಮಾತು ಮೂಟೆ ತುಂಬ. ಅದಕ್ಕೇ ಗುಬ್ಬಿ ಎಂದು ಕರೆಯುತ್ತಿದ್ದಳು. ಗುಬ್ಬಿ ಇವಳನ್ನು ದೊಡ್ಡಮ್ಮ ಎನ್ನುತ್ತಿತ್ತು. ಕಾಲೇಜಿಗೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಜಗಲಿಯಲ್ಲಿ ಕೂತು ಹಾಳೆ ಜೋಡಿಸಿಕೊಟ್ಟು ಹೋಗುವುದು ಅವಳ ಪಾಲಿನ ಕೆಲಸ. ಅರ್ಜಿಗಳ ಎರಡನೇ ಪ್ರತಿಗಳು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತಿದ್ದವು. ಪೆಟ್ಟಿಗೆಯ ಬೀಗದ ಕೈಯನ್ನು ದೊಡ್ಡಮ್ಮ ಎಂಟು ದಿನಕ್ಕೊಂದು ಕಡೆ ಬಚ್ಚಿಡುತ್ತಿದ್ದಳು, ಗುಬ್ಬಿ ಬಚ್ಚಲಿಗೆ ಹೋದಾಗ ಮಾತ್ರ. ಹೆತ್ತ ಮಗಳಿಗಿಂತ ಹೆಚ್ಚಿಗೆ ಸಾಕಿದ್ದಳು ನಿಜ. ಆದರೆ ಪ್ರೀತಿ ಬೇರೆ, ಬೀಗದ ಕೈ ಬೇರೆ.

ಒಂದು ಮಧ್ಯಾಹ್ನ ಗುಬ್ಬಿ ಇನ್ನೂ ಮೂವರನ್ನು ಕರೆದುಕೊಂಡು ಜಗಲಿಗೆ ಬಂದಳು. ಮುಂದೆ ನಿಂತವನು ಎತ್ತರದ ಹುಡುಗ. ಎದೆಯ ಮೇಲೆ ಬಿಲ್ಲೆ, ಕೈಯಲ್ಲಿ ಗಟ್ಟಿ ಅಟ್ಟೆಯ ಕಡತ.

"ನಮಸ್ಕಾರ ಅಮ್ಮ. ನಾವು ವಿದ್ಯಾರ್ಥಿಗಳ ವಿಶ್ವಸಭೆಗೆ ತಯಾರಾಗ್ತಿದೀವಿ. ಹನ್ನೊಂದು ಕಾಲೇಜಿನವರು ಬರ್ತಾರೆ. ಒಂದೊಂದು ತಂಡ ಮಾನವ ಹಕ್ಕಿನ ಒಂದೊಂದು ಸಮಸ್ಯೆ ತಗೊಂಡು ಅಂತಾರಾಷ್ಟ್ರೀಯ ಪರಿಹಾರ ಮಂಡಿಸಬೇಕು. ನಮ್ಮದು ಕಾಗದಪತ್ರ ಇಲ್ಲದ ನಿರಾಶ್ರಿತರ ಸಮಸ್ಯೆ. ಪರಿಹಾರ ಏನಂದ್ರೆ, ಇಡೀ ಜಗತ್ತಿಗೆ ಒಂದೇ ಗುರುತಿನ ಚೀಟಿ. ಅವರ ಕಥೆ ಒಂದ್ಸಲ ದಾಖಲಾದ್ರೆ ಸಾಕು, ಎಲ್ಲ ದೇಶದಲ್ಲೂ ನಡೆಯತ್ತೆ. ಅದೇ ಪರಿಹಾರ."

ಅರ್ಜಿಯಮ್ಮ ಅವನನ್ನು ಮೇಲಿನಿಂದ ಕೆಳಗೆ ತೂಗಿದಳು. "ಯಾರು ಕಳಿಸಿದ್ದು?"

"ಯಾರೂ ಕಳಿಸಿಲ್ಲಮ್ಮ, ನಾವೇ..."

"ತಾವಾಗೇ ಬಂದೋರು ಇನ್ನೂ ಅಪಾಯ. ಕಳಿಸಿದೋರು ಯಾರು ಅಂತ ಗೊತ್ತಿದ್ರೆ ಅವರನ್ನಾದ್ರೂ ಬೈಬಹುದು. ಗೆದ್ದರೆ ಏನ್ ಕೊಡ್ತಾರೆ?"

"ಗೆದ್ದ ತಂಡನ ಹೊರದೇಶದ ದೊಡ್ಡ ಸಭೆಗೆ ಕರ್ಕೊಂಡು ಹೋಗ್ತಾರೆ."

"ಓಹೋ. ಓಡಿ ಬಂದೋರ ಹೆಸರಲ್ಲಿ ಹಾರಿ ಹೋಗೋರು."

"ದೊಡ್ಡಮ್ಮಾ!" ಗುಬ್ಬಿಯ ಮುಖ ಕೆಂಪಾಯಿತು.

"ನಾನೇನಂದೆ? ಕೇಳಿದ್ದನ್ನ ಚಿಕ್ಕದಾಗಿ ಹೇಳಿದೆ. ಅದೇ ಅಲ್ವಾ ನನ್ನ ಕೆಲಸ." ಎಂದು ಹುಡುಗನತ್ತ ತಿರುಗಿದಳು. "ನೋಡಪ್ಪ ಪರಿಹಾರಪ್ಪ, ಏನ್ ಬೇಕು ನನ್ನಿಂದ?"

ಆ ಗಳಿಗೆಯಿಂದ ಅವನ ಹೆಸರು ಪರಿಹಾರಪ್ಪ ಎಂದೇ ನಿಂತಿತು. ಅವನಿಗೆ ಬೇಕಾಗಿದ್ದುದು ಹಳೆಯ ಅರ್ಜಿಗಳ ಪ್ರತಿ. ಹೆಸರು ಅಳಿಸಿ ಕೊಟ್ಟರೂ ಸಾಕು, ಬರೀ ನೋಡಿ ಹಿಂತಿರುಗಿಸುತ್ತೇವೆ ಎಂದ. ಅರ್ಜಿಯಮ್ಮ ನಕ್ಕಳು. ಅವಳ ನಗು ಕಂಡವರು ಕಡಿಮೆ. ಕಂಡವರಾರೂ ಆಮೇಲೆ ಏನನ್ನೂ ಪಡೆದುಕೊಂಡು ಹೋಗಿರಲಿಲ್ಲ.

"ಬೆಳ್ಳಗಿರೋದೆಲ್ಲ ಹಾಲಲ್ಲಪ್ಪ. ಕೂತ್ಕೋ. ನೀನು ಯಾಕೆ ಈ ಕೆಲಸಕ್ಕೆ ಇಳಿದೆ, ಹೇಳು." ಗುಂಡುಸೂಜಿ ತೆಗೆದಳು.

ಪರಿಹಾರಪ್ಪ ಹೇಳಿದ. ಜಗತ್ತಿನ ನೋವು, ಯುದ್ಧದ ಮಕ್ಕಳು, ಯುವಜನರ ಹೊಣೆ. ಚೆನ್ನಾಗಿಯೇ ಹೇಳಿದ, ಹಿಂದೆ ನಿಂತ ಹುಡುಗಿ ಕಣ್ಣೊರೆಸಿಕೊಂಡಳು.

"ನಾಳೆ ಬಾ. ಹಿಂದಿನಿಂದ ಮುಂದಕ್ಕೆ ಹೇಳು" ಎಂದಳು ಅರ್ಜಿಯಮ್ಮ.

"ನಾಳೆ ನಮಗೆ ಟೈಮ್ ಇಲ್ಲಮ್ಮ. ಒಂದು ವಾರದಲ್ಲಿ ಪುಸ್ತಿಕೆ ಅಚ್ಚಿಗೆ ಹೋಗಬೇಕು."

"ಮತ್ತೆ ಮುಗೀತಲ್ಲ" ಎಂದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ನಾಲ್ವರೂ ಮೆಟ್ಟಿಲಿಳಿದರು. ಗುಬ್ಬಿ ಹಿಂತಿರುಗಿ ನೋಡಲಿಲ್ಲ.

ಅಲ್ಲಿಂದ ಎರಡು ವಾರ ಅರ್ಜಿಯಮ್ಮನ ಅನುಮಾನಕ್ಕೆ ಸುಗ್ಗಿಯೋ ಸುಗ್ಗಿ. ಕಚೇರಿಯವರೇ ಹುಡುಗರನ್ನು ಬಿಟ್ಟು ತನ್ನ ಪೆಟ್ಟಿಗೆ ಬಗೆಸುತ್ತಿದ್ದಾರೆಯೇ ಎಂದು ಅಟೆಂಡರನ್ನು ವಿಚಾರಿಸಿದಳು. ಆತ ಗೊತ್ತಿಲ್ಲ ಎಂದ. ಅಷ್ಟು ಬೇಗ ಗೊತ್ತಿಲ್ಲ ಎಂದದ್ದೇಕೆ ಎಂದು ಆತನ ಮೇಲೂ ಒಂದು ಕಣ್ಣಿಟ್ಟಳು. ಬೀಗದ ಕೈ ಎಂಟು ದಿನದ ಬದಲು ನಾಲ್ಕು ದಿನಕ್ಕೇ ಜಾಗ ಬದಲಿಸತೊಡಗಿತು. ಒಮ್ಮೆ ತಾನೇ ಇಟ್ಟ ಜಾಗ ತಾನೇ ಮರೆತು, ಮನೆಯೆಲ್ಲ ಕೆದಕಿ, ಕೊನೆಗೆ ಸೋಪಿನ ಪುಡಿಯ ಡಬ್ಬಿಯಲ್ಲಿ ಕಂಡುಹಿಡಿದಳು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಗುಬ್ಬಿಯ ಬಟ್ಟೆಗಳ ಮಡಿಕೆ ಬದಲಾಗಿತ್ತು. ಮನೆಯ ಇಸ್ತ್ರಿಪೆಟ್ಟಿಗೆಯ ಒಂದು ಮೂಲೆ ಸುಟ್ಟಿದೆ. ಅದು ಎಳೆದ ಗೆರೆ ಎಂದೂ ನೆಟ್ಟಗಿರುವುದಿಲ್ಲ. ಈಗ ತೋಳಿನ ಗೆರೆಗಳು ಕತ್ತಿಯ ಅಂಚಿನಂತಿದ್ದವು.

"ಇದ್ಯಾರು ಮಾಡಿಕೊಟ್ಟ ಇಸ್ತ್ರಿ?"

"ಹೊರಗೆ ಕೊಟ್ಟಿದ್ದೆ ದೊಡ್ಡಮ್ಮ. ಸಭೆಗೆ ಅಂತ."

"ಸಭೆ ಬುಧವಾರ. ಇವತ್ತು ಗುರುವಾರ. ಬುಧವಾರದ ಸಭೆಗೆ ವಾರದ ಮುಂಚೆ ಇಸ್ತ್ರಿ ಹಾಕೋ ಹುಡುಗೀನ ಯಾರೋ ನೋಡ್ತಿರಬೇಕು."

ಪರಿಹಾರಪ್ಪನೇ ಇರಬೇಕು ಎಂದು ಗಂಟು ಹಾಕಿದಳು. ಮಡಿಕೆ ಕಂಡದ್ದು ಸರಿ, ಬಿಡಿಸಿದ್ದು ತಪ್ಪು. ಇಸ್ತ್ರಿ ಯಾರದ್ದು ಎಂದು ಹುಡುಕುವ ಬದಲು ಇಸ್ತ್ರಿ ಯಾರಿಗಾಗಿ ಎಂದು ಹುಡುಕಲು ಹೋದಳು. ಇಪ್ಪತ್ತಾರು ವರ್ಷದ ಅನುಮಾನಕ್ಕೂ ಒಮ್ಮೊಮ್ಮೆ ದಾರಿ ತಪ್ಪುತ್ತದೆ.

ಇಸ್ತ್ರಿ ಮಾಡಿದವಳು ಅವಳಿಗೆ ಗೊತ್ತಿದ್ದವಳೇ. ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಮೇಜು ಹಾಕಿಕೊಂಡಿದ್ದ ಇಸ್ತ್ರಿಯವಳು, ಗಡಿಯಾಚೆಯಿಂದ ಬಂದು ಒಂದೂವರೆ ವರ್ಷ. ಜೊತೆಗೆ ಆರು ವರ್ಷದ ಹೆಣ್ಣುಮಗು. ಆರು ತಿಂಗಳ ಹಿಂದೆ ಜಗಲಿ ಹತ್ತಿದಾಗ, ಮೊದಲ ದಿನ ಹೇಳಿದ್ದು ಹೀಗೆ: ಗಂಡನನ್ನು ಬಂದೂಕಿನವರು ಕೊಂದರು, ತಾನು ತುಂಬು ಬಸುರಿ, ಓಡುವ ದಾರಿಯಲ್ಲಿ, ಸೇತುವೆಯ ಕೆಳಗೆ, ಈ ಮಗುವನ್ನು ಹೆತ್ತೆ. ಆರು ವರ್ಷದ ಮಗು ಒಂದು ವರ್ಷದ ಹಿಂದಿನ ದಾರಿಯಲ್ಲಿ ಹೇಗೆ ಹುಟ್ಟಿತು ಎಂದು ಅರ್ಜಿಯಮ್ಮ ಕೇಳಲಿಲ್ಲ. ಜಗಳ ಆರು ವರ್ಷ ಹಿಂದೆಯೇ ಶುರುವಾಯಿತು, ಮೊದಲು ಬೇರೆ ಊರಿಗೆ ಓಡಿದ್ದೆ ಎಂದು ಇಸ್ತ್ರಿಯವಳೇ ತೇಪೆ ಹಾಕಿದಳು. ಅವತ್ತು ಗುಬ್ಬಿ ಹಾಳೆ ಜೋಡಿಸುತ್ತ ಪಕ್ಕದಲ್ಲಿದ್ದಳು. ಕೇಳಿ ಬಿಕ್ಕಿಬಿಕ್ಕಿ ಅತ್ತು, ಹೊತ್ತಾಯಿತೆಂದು ಕಾಲೇಜಿಗೆ ಹೋದಳು.

ಎರಡನೇ ದಿನದ ಹೊತ್ತಿಗೆ ಗುಬ್ಬಿಗೆ ಪರೀಕ್ಷೆ, ಜಗಲಿಗೆ ಬರಲಿಲ್ಲ. ಮೂರನೇ ದಿನ ಇಸ್ತ್ರಿಯವಳು ಕಣ್ಣೀರಿಲ್ಲದೆ, ಸಿಟ್ಟಿಲ್ಲದೆ, ಬಟ್ಟೆ ಮಡಿಸುವ ಹಾಗೆ ಹೇಳಿದ್ದಳು. "ಮಗು ನನ್ನದಲ್ಲಮ್ಮ. ನಮ್ಮಕ್ಕಂದು. ಅಕ್ಕ ದಾರೀಲಿ ಹೋಗ್ಬಿಟ್ಳು. ನನ್ನ ಗಂಡ ಸತ್ತಿಲ್ಲ, ಬಂದೂಕಿನೋರ ಜೊತೆ ಸೇರ್ಕೊಂಡ. ಅವನು ಬದುಕಿದಾನೆ ಅಂದ್ರೆ ನನ್ನನ್ನೂ ಅವರೋಳು ಅಂತಾರೆ. ಮಗು ನಂದಲ್ಲ ಅಂದ್ರೆ ಕಿತ್ಕೊಂಡು ಹೋಗ್ತಾರೆ. ಅದಕ್ಕೇ ಸುಳ್ಳು ಹೇಳ್ದೆ."

"ಸುಳ್ಳನ್ನ ಅವರು ಕಿತ್ಕೊಂಡು ಹೋಗ್ತಾರೆ. ನಿಜ ಅವರ ಕೈಗೆ ಭಾರ ಆಗತ್ತೆ, ಬಿಟ್ಟು ಹೋಗ್ತಾರೆ" ಎಂದು ಅರ್ಜಿಯಮ್ಮ ನಿಜವನ್ನೇ ಟೈಪು ಮಾಡಿದ್ದಳು. ಅದೇ ದಾರಿಯಲ್ಲಿ ಬಂದ ಮುದುಕಿಯೊಬ್ಬಳ ಹೆಬ್ಬೆಟ್ಟನ್ನೂ ಸಾಕ್ಷಿಗೆ ಹಾಕಿಸಿದ್ದಳು. ಆ ಅರ್ಜಿಯ ವಿಚಾರಣೆ ಸಭೆಯ ಮರುದಿನ, ಗುರುವಾರ ಬೆಳಗ್ಗೆ ಹತ್ತೂವರೆಗೆ, ಎರಡನೇ ಮಹಡಿಯ ಸಾಹೇಬರ ಮುಂದೆ.

ಬುಧವಾರ ಅರ್ಜಿಯಮ್ಮ ಕಾಲೇಜಿಗೆ ಹೋದಳು. ಗುಬ್ಬಿ ಕರೆದಿದ್ದಳೆಂಬುದು ನೆಪ. ಪರಿಹಾರಪ್ಪನ ಮೇಲೆ ಕಣ್ಣಿಡುವುದು ಕೆಲಸ. ಸಭಾಂಗಣದಲ್ಲಿ ಉದ್ದ ಮೇಜುಗಳು, ಮೇಜಿಗೊಂದು ದೇಶದ ಹೆಸರಿನ ಹಲಗೆ. ಭಾರೀ ದೇಶವೊಂದರ ಹಿಂದೆ ಕೂತ ಪೋರ ಉಗುರು ಕಚ್ಚುತ್ತಿದ್ದ. ಎರಡು ದೇಶಗಳು ಒಂದೇ ನೀರಿನ ಬಾಟಲಿಗೆ ಕಿತ್ತಾಡುತ್ತಿದ್ದವು. ಇನ್ನೊಂದು ದೇಶಕ್ಕೆ ನಿದ್ದೆ. 'ಇಷ್ಟು ಮಟ್ಟಿಗೆ ಸರಿಯಾಗಿಯೇ ಕಲಿಸಿದ್ದಾರೆ' ಎಂದುಕೊಂಡಳು.

ಒಂದು ತಂಡ ಯುದ್ಧದ ಊರುಗಳಿಗೆ ಕುಡಿಯುವ ನೀರು ಮುಟ್ಟಿಸುವ ಒಪ್ಪಂದ ಮಂಡಿಸಿತು, ಇನ್ನೊಂದು ಕೈದಿಗಳಿಗೆ ಔಷಧ. ಮಾತುಗಳು ಚೆನ್ನಾಗಿದ್ದವು, ಚೆನ್ನಾಗಿದ್ದ ಕಾರಣಕ್ಕೇ ಅವಳು ಒಂದನ್ನೂ ನಂಬಲಿಲ್ಲ. ಆಗ ತೀರ್ಪುಗಾರರ ಸಾಲಿನ ಮಧ್ಯದ ಬೋಳುತಲೆಯತ್ತ ಕಣ್ಣು ಹೋಯಿತು. ಎರಡನೇ ಮಹಡಿಯ ಸಾಹೇಬರು. ಮುಖ್ಯ ತೀರ್ಪುಗಾರರು ಅವರೇ.

ಅಷ್ಟರಲ್ಲಿ ಯಾರೋ ಕೈಗೆ ಪುಸ್ತಿಕೆಯೊಂದನ್ನು ಕೊಟ್ಟರು. ಗುಬ್ಬಿಯ ತಂಡದ್ದು. ಏಳನೇ ಪುಟಕ್ಕೆ ಬಂದಾಗ ಅರ್ಜಿಯಮ್ಮನ ಬೆರಳು ನಿಂತಿತು. ಚಿತ್ರದಲ್ಲಿ ಮುಖ ಮಸುಕು ಮಾಡಿದ್ದರು. ಆದರೆ ಸುಟ್ಟ ಕಂಬಳಿ ಹಾಸಿದ ಇಸ್ತ್ರಿ ಮೇಜು, ಅದರಡಿ ಕೂತ ಹೆಣ್ಣುಮಗು, ಹಿಂದೆ ಬಸ್‌ನಿಲ್ದಾಣದ ಗೋಡೆ. ಕೆಳಗೆ ದಪ್ಪಕ್ಷರದಲ್ಲಿ: 'ಗಂಡನನ್ನು ಕಣ್ಣೆದುರೇ ಕಳೆದುಕೊಂಡು, ಸೇತುವೆಯ ಕೆಳಗೆ ಮಗಳನ್ನು ಹೆತ್ತ ತಾಯಿ.' ಅದರ ಕೆಳಗೆ ಇಡೀ ಕಥೆ, ಮೊದಲ ದಿನದ್ದು, ಒಂದು ತೇಪೆಯೂ ಬಿಡದಂತೆ.

ಬೇಲಿಯೇ ಎದ್ದು ಹೊಲ ಮೇದಿತ್ತು. ಪರಿಹಾರಪ್ಪನನ್ನು ಕಾದು ಕೂತವಳ ಬೆನ್ನ ಹಿಂದೆ, ಮನೆಯ ಗುಬ್ಬಿಯೇ ಕಾಳು ಹೊತ್ತು ಹೋಗಿತ್ತು.

ತಂಡದ ಸರದಿಗೆ ಇನ್ನೂ ಕಾಲು ಗಂಟೆ. ಮೆಟ್ಟಿಲ ಬಳಿ ಗುಬ್ಬಿಯ ರಟ್ಟೆ ಹಿಡಿದು ಮೂಲೆಗೆ ಎಳೆದಳು.

"ಇದು ಯಾವಾಗ?"

"ದೊಡ್ಡಮ್ಮ, ನಿನ್ನ ಪೆಟ್ಟಿಗೆ ಮುಟ್ಟಿಲ್ಲ, ಆಣೆಗೂ. ನಾವೇ ಅವರ ಹತ್ರ ಹೋದ್ವಿ. ಹೇಳಿ ಅಂದ್ವಿ, ಹೇಳಿದ್ರು. ಮುಖ ಮಸುಕು ಮಾಡಿದೀವಲ್ಲ, ಹೆಸರಿಲ್ಲವಲ್ಲ."

"ಎಷ್ಟು ಸಲ ಕೇಳಿದ್ರಿ?"

"ಒಂದ್ಸಲ. ಪೂರ್ತಿ ರೆಕಾರ್ಡ್ ಇದೆ."

"ಒಂದ್ಸಲ." ಅರ್ಜಿಯಮ್ಮನ ದನಿ ಇಳಿಯಿತು. "ಮಗು ಅವಳದಲ್ಲ ಕಣೇ. ಅವಳ ಅಕ್ಕಂದು. ಗಂಡ ಸತ್ತಿಲ್ಲ. ಅರ್ಜೀಲಿ ನಿಜ ಇದೆ, ನಿನ್ನ ಪುಸ್ತಕದಲ್ಲಿ ಸುಳ್ಳಿದೆ. ನಾಳೆ ಅರ್ಜಿ ನೋಡೋ ಸಾಹೇಬ್ರೇ ಇವತ್ತು ತೀರ್ಪುಗಾರರು, ಅವರ ಚೀಲದಲ್ಲೂ ಈ ಪುಸ್ತಕ ಇದೆ. ಒಂದೇ ಬಾಯಲ್ಲಿ ಎರಡು ಕಥೆ ಬಂದ್ರೆ ಆ ಕಚೇರಿ ಏನ್ ಮಾಡತ್ತೆ ಗೊತ್ತಾ? ಎರಡೂ ಸುಳ್ಳು ಅಂತ ಬರಿಯತ್ತೆ. ಅವಳನ್ನ ಗಡಿಗೆ, ಮಗೂನ ಅನಾಥಾಲಯಕ್ಕೆ."

ಗುಬ್ಬಿ ಕಂಬಕ್ಕೆ ಒರಗಿದಳು. "ನಂಗೆ ಗೊತ್ತಿರಲಿಲ್ಲ" ಎಂದಳು. "ಪುಸ್ತಿಕೆ ಎಲ್ಲಾ ವಾಪಸ್ ತಗೊಂಡ್ಬಿಡ್ತೀನಿ."

"ಸಾಹೇಬ್ರ ಚೀಲಕ್ಕೆ ಕೈ ಹಾಕ್ತೀಯಾ? ಸುಮ್ನಿರು. ಬಾಯಿಬಿಟ್ಟರೆ ಏಳನೇ ಪುಟಾನೇ ತೆಗೆದು ನೋಡ್ತಾರೆ. ಸುಮ್ಮನಿದ್ದರೆ, ದೊಡ್ಡ ಮನುಷ್ಯರು ಪುಸ್ತಕ ಓದ್ತಾರೆ ಅಂತೇನೂ ಇಲ್ಲ."

ಇದು ಅರ್ಜಿಯಮ್ಮನ ಇಪ್ಪತ್ತಾರು ವರ್ಷದ ಬುದ್ಧಿ. ಹಾವೂ ಸಾಯಲಿ, ಕೋಲೂ ಮುರಿಯದಿರಲಿ. ಆದರೆ ವೇದಿಕೆ ಹತ್ತಿದ್ದು ಗುಬ್ಬಿ.

ಪರಿಹಾರಪ್ಪ ಜಗತ್ತಿಗೆಲ್ಲ ಒಂದೇ ಚೀಟಿಯ ಪರಿಹಾರವನ್ನು ಗಂಟಲು ತುಂಬಿ ಮಂಡಿಸಿ, ಏಳನೇ ಪುಟ ನೋಡಿ ಎಂದು ಹೇಳುವ ಹೊತ್ತಿಗೆ ಸರಿಯಾಗಿ ಗುಬ್ಬಿ ಮೈಕನ್ನು ತನ್ನತ್ತ ಎಳೆದುಕೊಂಡಳು. "ಏಳನೇ ಪುಟನ ನಾವು ಹಿಂದಕ್ಕೆ ತಗೊಳ್ತೀವಿ. ಆ ಕಥೆ ನಾವು ಒಂದೇ ಸಲ ಕೇಳಿದ್ದು. ವಿಚಾರಿಸಿಲ್ಲ. ಅಚ್ಚು ಹಾಕ್ತೀವಿ ಅಂತ ಅವರಿಗೆ ಸರಿಯಾಗಿ ಹೇಳಿಲ್ಲ. ತಪ್ಪು ನಮ್ಮದು, ಅವರದಲ್ಲ." ಎಂದು ಮೈಕ್ ಬಿಟ್ಟಳು.

ಸಭೆ ಗುಸುಗುಸು ಎಂದಿತು. ನಿದ್ದೆಯಲ್ಲಿದ್ದ ದೇಶವೂ ಎಚ್ಚರಾಯಿತು. ಪುಟ ಹಿಂದಕ್ಕೆ ತೆಗೆದುಕೊಂಡ ತಂಡಕ್ಕೆ ಅಂಕವಿಲ್ಲ ಎಂಬುದು ನಿಯಮ. ಹೊರದೇಶದ ಪ್ರಯಾಣ ಅಲ್ಲಿಗೇ ಮುಗಿಯಿತು. ಅರ್ಜಿಯಮ್ಮ ನೋಡುತ್ತಿದ್ದುದು ಅದನ್ನಲ್ಲ. ಸಾಹೇಬರು ಕನ್ನಡಕ ಏರಿಸಿ, ಚೀಲದಿಂದ ಪುಸ್ತಿಕೆ ಹೊರತೆಗೆದು, ಏಳನೇ ಪುಟವನ್ನು ನಿಧಾನವಾಗಿ, ಬೆರಳಿಟ್ಟು ಓದಿದರು. ಆಮೇಲೆ ಅದರ ಮೂಲೆಯನ್ನು ಮಡಿಸಿದರು.

ಸಂಜೆ ನಾಲ್ಕೂವರೆಗೆ ಜಗಲಿಗೆ ಗುಬ್ಬಿ ಬಂದಳು. ಹಿಂದೆಯೇ ಪರಿಹಾರಪ್ಪ, ಬಿಲ್ಲೆ ಕಿತ್ತಿಟ್ಟು.

"ಒಂದು ಅರ್ಜಿ ಬರೆಸಬೇಕು" ಎಂದಳು ಗುಬ್ಬಿ. "ಸಾಹೇಬರಿಗೆ. ಪುಸ್ತಕದಲ್ಲಿರೋದು ನಮ್ಮ ತಪ್ಪು ಅಂತ. ನಾನು ಸಹಿ ಹಾಕ್ತೀನಿ."

ಅರ್ಜಿಯಮ್ಮ ಅವಳನ್ನು ಗುರುತಿಲ್ಲದವಳಂತೆ ನೋಡಿದಳು. ಮೂರು ದಿನದ ವ್ಯವಧಾನ ಇರಲಿಲ್ಲ. ಗುಂಡುಸೂಜಿ ತೆಗೆದಳು. "ಹೇಳು."

ಗುಬ್ಬಿ ಹೇಳಿದಳು. ಹೇಳುತ್ತ ಅತ್ತಳು. ಆ ಮಗುವನ್ನು ಕಂಡರೆ ಕರುಳು ಚುರ್ ಎನ್ನುತ್ತಿತ್ತು, ಜಗತ್ತಿಗೆ ತಿಳಿಯಲಿ ಎಂಬ ಒಂದೇ ಆಸೆ, ಎಂದಳು.

"ಆಯ್ತು. ಹಿಂದಿನಿಂದ ಹೇಳು."

"ಯಾಕೆ? ನೀನು ನನ್ನನ್ನ ಎರಡನೇ ಸಲ ಕೇಳೋಕೆ ಯಾವತ್ತಾದ್ರೂ ಕೂರಿಸಿಕೊಂಡಿದ್ಯಾ? ಹಾಳೆ ಜೋಡಿಸು, ಹೋಗು. ಕಿವಿ ಇಲ್ಲೇ ಬಿಟ್ಟು ಹೋಗು. ಹದಿನೈದು ವರ್ಷ ಆಯ್ತು, ಒಂದು ಬೀಗದ ಕೈ ಎಲ್ಲಿದೆ ಅಂತ ಗೊತ್ತಿಲ್ಲ ನಂಗೆ. ನೀನು ಹೇಳಿದ್ದಿದ್ರೆ ಇದು ಆಗ್ತಿರಲಿಲ್ಲ!"

ಪರಿಹಾರಪ್ಪ ಮೇಜಿನಡಿಯ ಕಾಯ್ದೆ ಪುಸ್ತಕವನ್ನೇ ನೋಡುತ್ತ ಕೂತ. ಅರ್ಜಿಯಮ್ಮನ ಸೂಜಿ ಒಂದು ಕ್ಷಣ ನಿಂತಿತು; ಆಮೇಲೆ ಮತ್ತೆ ಕೆದಕಿತು.

"ಮುಗೀತಾ?"

"ಮುಗೀತು."

ಟೈಪ್‌ರೈಟರಿನ ಮುಚ್ಚಳ ತೆಗೆದಳು. ಹಾಳೆ ಏರಿಸಿದಳು. "ಈಗ ಹೇಳು."

ಗುಬ್ಬಿ ಒಣ ದನಿಯಲ್ಲಿ ಹೇಳಿದಳು. "ಕೇಳೋಕೆ ಹೋದ ಮೊದಲನೇ ದಿನವೇ ಇಸ್ತ್ರಿಯವ್ರು, ಇದನ್ನ ಬರೀಬೇಡ ಮಗಾ ಅಂದ್ರು. ನಾನು ಹ್ಞೂಂ ಅಂದೆ. ಆಮೇಲೆ ನಾಲ್ಕು ಸಲ ಬಟ್ಟೆ ತಗೊಂಡು ಹೋದೆ. ನಾಲ್ಕನೇ ಸಲ, ನಾನು ಅರ್ಜಿಯಮ್ಮನ ಮನೆ ಹುಡುಗಿ, ಹೇಳಿದ್ರೆ ಒಳ್ಳೇದೇ ಆಗತ್ತೆ ಅಂದೆ. ಅದಕ್ಕೆ ಹೇಳಿದ್ರು. ನಂಗೆ ಗೆಲ್ಲಬೇಕಿತ್ತು."

ಟೈಪ್‌ರೈಟರ್ ಟಕಟಕ ಎಂದಿತು. ಅರ್ಜಿಯಮ್ಮ ಒಂದಕ್ಷರ ಕಳೆಯಲಿಲ್ಲ, ಕೂಡಿಸಲಿಲ್ಲ. ತನ್ನ ಹೆಸರು ಬಂದ ಸಾಲಿನಲ್ಲಿ ಮಾತ್ರ ಅಚ್ಚಿನ ಮೊಳೆ ತುಸು ಗಟ್ಟಿಯಾಗಿ ಬಿದ್ದು ಹಾಳೆ ತೂತಾಯಿತು. ಗುಬ್ಬಿ ಸಹಿ ಹಾಕಿದಳು. ಪರಿಹಾರಪ್ಪ ಕೈ ಚಾಚಿದ.

"ನಾನೂ ಹಾಕ್ತೀನಮ್ಮ."

"ನಿಂದು ಎರಡನೇ ಸಲದ್ದು ಇನ್ನೂ ಬಾಕಿ ಇದೆ" ಎಂದಳು ಅರ್ಜಿಯಮ್ಮ. ಆದರೂ ಪೆನ್ನು ಕೊಟ್ಟಳು, ಅವನದೇ ಪೆನ್ನು ಬಳಸಲು ಬಿಡಲಿಲ್ಲ.

ಗುರುವಾರ ಹತ್ತೂವರೆಗೆ ಇಸ್ತ್ರಿಯವಳು ಮಗುವಿನ ಕೈ ಹಿಡಿದು ಮಹಡಿ ಹತ್ತಿದಳು. ಅವಳಿಗೆ ಅರ್ಜಿಯಮ್ಮ ಬೆಳಗ್ಗೆಯೇ ಎಲ್ಲ ತಿಳಿಸಿದ್ದಳು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದ ಗುಬ್ಬಿಗೆ ಅವಳು ಬೈಯಲಿಲ್ಲ. "ಸುಟ್ಟ ಬಟ್ಟೆಗೆ ಇಸ್ತ್ರಿ ಹಾಕೋಕಾಗಲ್ಲ ಮಗಾ" ಎಂದಳು, ಅಷ್ಟೆ. ಅದು ಬೈಗುಳಕ್ಕಿಂತ ಹೆಚ್ಚು ಹೊತ್ತು ಉರಿಯಿತು.

ಅರ್ಜಿ ಬರೆಯುವವರಿಗೆ ಒಳಗೆ ಪ್ರವೇಶವಿಲ್ಲ. ಗುಬ್ಬಿಯ ಪತ್ರವನ್ನು ಅಟೆಂಡರ್ ಒಳಗೆ ಒಯ್ದ. ಕೊಟ್ಟನೋ, ಕಸದ ಬುಟ್ಟಿಗೆ ಹಾಕಿದನೋ ಎಂದು ಅರ್ಜಿಯಮ್ಮ ಅವನ ಖಾಲಿ ಕೈಯನ್ನು ಎರಡು ಸಲ ತಿರುಗಿಸಿ ನೋಡಿದಳು. ಹನ್ನೊಂದಾಯಿತು. ಹನ್ನೊಂದೂವರೆ ಆಯಿತು. ಯಾವತ್ತೂ ಹತ್ತು ನಿಮಿಷದಲ್ಲಿ ಮುಗಿಯುವ ವಿಚಾರಣೆ. ಗುಬ್ಬಿ ಹಾಳೆ ಜೋಡಿಸಿ, ಕೆದರಿ, ಮತ್ತೆ ಜೋಡಿಸಿದಳು. ಕಾಲೇಜಿಗೆ ಹೊತ್ತಾಯಿತು ಎನ್ನಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಇಸ್ತ್ರಿಯವಳು ಮೆಟ್ಟಿಲಿಳಿದು ಬಂದಳು. ಮಗು ಜೊತೆಗಿತ್ತು. ಅರ್ಜಿಯಮ್ಮ ಮೊದಲು ನೋಡಿದ್ದು ಅದನ್ನೇ.

"ಏನಂದ್ರು?"

"ಪುಸ್ತಕ, ಅರ್ಜಿ, ಇವಳ ಕಾಗದ ಮೂರನ್ನೂ ಸಾಲಾಗಿ ಇಟ್ಕೊಂಡಿದ್ರಮ್ಮ. ನನ್ನನ್ನ ಕೇಳಲೇ ಇಲ್ಲ. ಆಚೆ ಕೂತ್ಕೋ ಅಂದು ಮಗೂನ ಕೇಳಿದ್ರು, ಇವರು ನಿಂಗೆ ಏನಾಗಬೇಕು ಅಂತ."

"ಅದೇನಂತು?"

"ಚಿಕ್ಕಮ್ಮ ಅಂತು. ಮತ್ತೆ ಅಮ್ಮ ಅಂತ ಯಾಕೆ ಕರೀತೀಯಾ ಅಂದ್ರು. ಕರೆದ್ರೆ ಬರ್ತಾಳಲ್ಲ, ಅದಕ್ಕೆ ಅಂತು."

ಇಸ್ತ್ರಿಯವಳು ಸೆರಗಿನಿಂದ ಕಾಗದ ತೆಗೆದಳು. ಒಂದು ವರ್ಷದ ಪರವಾನಗಿ, ಇಬ್ಬರಿಗೂ. ಅರ್ಜಿಯಮ್ಮ ಅದನ್ನು ಬೆಳಕಿಗೆ ಹಿಡಿದು ಮುದ್ರೆ ನೋಡಿದಳು, ಸಹಿ ನೋಡಿದಳು, ಹಿಂದುಮುಂದು ತಿರುಗಿಸಿ ಮೂಸಿಯೂ ನೋಡಿದಳು.

"ನಾವು ಕೇಳಿದ್ದು ಎರಡು ವರ್ಷ. ಒಂದೇ ಯಾಕೆ ಕೊಟ್ರು?"

"ದೊಡ್ಡಮ್ಮಾ, ಕೊಟ್ಟಿದಾರಲ್ಲ!"

"ಅದಕ್ಕೇ ಕೇಳಿದ್ದು. ಕೊಡೋರ ಮೇಲೇ ನಿಗಾ ಇಡಬೇಕು. ಇನ್ನೊಂದು ವರ್ಷ ಯಾರ ಕೈಲಿದೆಯೋ ಏನೋ." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಸ್ತ್ರಿಯವಳ ಕೈಯಲ್ಲಿಟ್ಟಳು. ಮಡಿಕೆ ಸೊಟ್ಟಗಿತ್ತು; ಅವಳು ಅದನ್ನು ಬಿಚ್ಚಿ, ನೆಟ್ಟಗೆ ಮಡಿಸಿಕೊಂಡು ಹೋದಳು.

ಮರುವಾರ ಪರಿಹಾರಪ್ಪ ಜಗಲಿ ಹತ್ತಿದ. ಮುಂದಿನ ವರ್ಷದ ವಿಶ್ವಸಭೆಗೆ ಅವರ ತಂಡ ಹೊಸ ಪರಿಹಾರ ಬರೆದು ಕಳಿಸಲಿದೆಯಂತೆ: ನೊಂದವರ ಮಾತನ್ನು ಜಗತ್ತಿನ ಯಾವ ಸಂಸ್ಥೆಯೂ ಒಂದೇ ಸಲ ಕೇಳಿ ದಾಖಲಿಸಬಾರದು, ಮೂರು ಸಲ ಕೇಳಬೇಕು.

"ಎಲ್ಲ ದೇಶಾನೂ ಒಪ್ಪತ್ತೆ ಅಂತೀಯಾ?" ಎಂದಳು ಅರ್ಜಿಯಮ್ಮ.

"ಒಪ್ಪಲೇಬೇಕಮ್ಮ."

"ಹಾಗಾದ್ರೆ ಅದರಲ್ಲೇನೋ ಮೋಸ ಇದೆ. ಕೂತ್ಕೋ. ನಿಂದು ಹಿಂದಿನಿಂದ ಬಾಕಿ ಇದೆ." ಗುಂಡುಸೂಜಿಗೆ ಸೆರಗು ತಡಕಿದಳು. ಸಿಗಲಿಲ್ಲ. ಆಗಲೇ ಗುಬ್ಬಿ ಅದನ್ನು ಹಿಡಿದು, ತಲೆ ಎತ್ತದೆ, ಅಚ್ಚಿನ ಮೊಳೆಯ ಕೊಳೆ ಕೆದಕುತ್ತಿದ್ದಳು. ದೊಡ್ಡಮ್ಮ ಅವಳತ್ತ ಓರೆಗಣ್ಣು ಹಾಯಿಸಿದಳು.

ಆ ಸಂಜೆ ಬೀಗದ ಕೈ ಜಾಗ ಬದಲಿಸುವ ದಿನ. ಗುಬ್ಬಿ ಎದುರಿಗೇ ಕೂತು ಓದುತ್ತಿದ್ದಳು. ಅರ್ಜಿಯಮ್ಮ ಅವಳು ಬಚ್ಚಲಿಗೆ ಹೋಗಲಿ ಎಂದು ಸ್ವಲ್ಪ ಹೊತ್ತು ಕಾದಳು. ಹೋಗಲಿಲ್ಲ. ಕೊನೆಗೆ ಎದ್ದು, ಹುಡುಗಿ ಪುಸ್ತಕದ ಮೇಲಂಚಿನಿಂದ ನೋಡುತ್ತಿದ್ದಾಳೆ ಎಂಬುದು ಚೆನ್ನಾಗಿ ಗೊತ್ತಿದ್ದೂ, ಬೀಗದ ಕೈಯನ್ನು ಗೋಡೆ ಗಡಿಯಾರದ ಹಿಂದೆ ಇಟ್ಟಳು.

"ಏನ್ ನೋಡ್ತೀಯಾ? ಓದ್ಕೋ" ಎಂದು ಗದರಿದಳು.